ಮುಂಬಲ್ಲಿನ ಬಾಂಡಿಂಗ್: ಹಣ ಕೊಡುವ ಮೊದಲು ಕಚ್ಚಿ ನೋಡಿ

ಚೂರು ಮುರಿದ ಮುಂಬಲ್ಲನ್ನು ಹೆಚ್ಚು ಉಜ್ಜದೆ, ಒಂದೇ ಭೇಟಿಯಲ್ಲಿ ಸರಿಪಡಿಸಲು, ಹಲ್ಲಿನ ಬಣ್ಣದ ರಾಳವನ್ನು ಅಂಟಿಸುವ ಕಾಂಪೋಸಿಟ್ ಬಾಂಡಿಂಗ್‌ಗೇ ನಮ್ಮ ಮೊದಲ ಮತ. ಆದರೆ ಕೊನೆಯ ಹಂತದಲ್ಲಿ ಅವಸರವಾದರೆ ನೋವು ಗ್ಯಾರಂಟಿ.

ಕಚ್ಚಿದಾಗ ಆ ಹಲ್ಲೇ ಮೊದಲು ತಾಗಿ ನೋಯುತ್ತಿದ್ದರೆ, ಬಹುತೇಕ ಕಾಂಪೋಸಿಟ್ ಎತ್ತರ ಉಳಿದಿದೆ ಎಂದರ್ಥ. ಇಂಜೆಕ್ಷನ್‌ನಿಂದ ಮರಗಟ್ಟಿದ ಬಾಯಿಗೆ ಅದು ತಿಳಿಯದು. ಮಲಗಿಸಿ ನೋಡಿದರೆ ಕೆಳದವಡೆ ತುಸು ಹಿಂದೆ ಸರಿದು ಗುರುತು ತಪ್ಪುತ್ತದೆ. ನೆಟ್ಟಗೆ ಕೂರಿಸಿ, ಹಲ್ಲುಗಳ ನಡುವೆ ಬಣ್ಣದ ಕಾಗದ ಇಟ್ಟು, ದವಡೆಯನ್ನು ಮುಂದಕ್ಕೂ ಅಕ್ಕಪಕ್ಕಕ್ಕೂ ಜಾರಿಸಿ ನೋಡುವ ವೈದ್ಯರನ್ನೇ ಆರಿಸಿ. ಎತ್ತರ ತಗ್ಗಿಸಿದರೆ ನೋವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮನೆಯಲ್ಲಿ ಉಗುರಿನ ಅರ ಹಿಡಿದು ಉಜ್ಜಲೇಬೇಡಿ!

ತಣ್ಣೀರಿಗೆ ಜುಮ್ಮೆನ್ನುವುದು ಬೇರೆ ಸಂಗತಿ. ಬೆಳಕು ಹಾಯಿಸಿ ಗಟ್ಟಿಗೊಳಿಸುವಾಗ ಕಾಂಪೋಸಿಟ್ ಕುಗ್ಗುತ್ತದೆ. ಸಾಮಾನ್ಯ ಕಾಂಪೋಸಿಟ್‌ನ ಪದರ 2 ಮಿಲಿಮೀಟರ್ ಮೀರಿದರೆ ಬೆಳಕು ತಳ ಮುಟ್ಟದೆ ಅಲ್ಲಿ ಹಸಿ ಉಳಿಯಬಹುದು, ಅಂಚಿನಲ್ಲಿ ಸಂದು ಬೀಳಬಹುದು. ಅಂಟು ಹಿಡಿಯಲೆಂದು ಡೆಂಟಿನ್ (ಎನಾಮಲ್ ಕೆಳಗಿನ ಪದರ) ಮೇಲೆ ಹಚ್ಚುವ ಆಮ್ಲವನ್ನು 15 ಸೆಕೆಂಡು ಮೀರಿ ಬಿಟ್ಟರೂ, ನಂತರ ತೀರಾ ಒಣಗಿಸಿದರೂ ಹೀಗೇ ಜುಮ್ಮೆನ್ನಬಹುದು. ಎರಡು ಮೂರು ವಾರಗಳಲ್ಲಿ ಇಳಿಮುಖವಾದರೆ ಚಿಂತೆಯಿಲ್ಲ.

ಕಚ್ಚಿ ಬಿಡುವಾಗ ಚುಚ್ಚಿದರೆ ಬಿರುಕು ಇದೆಯೇ ಎಂದು ಕೇಳಿ. ರಾತ್ರಿ ತಾನಾಗಿ ಏಳುವ, ತಣ್ಣೀರು ನುಂಗಿದ ಮೇಲೂ ಎಳೆಯುತ್ತಲೇ ಇರುವ ನೋವು ನರಕ್ಕೆ ತಟ್ಟಿರುವ ಸೂಚನೆ. ಆಗ ರೂಟ್ ಕೆನಾಲ್ ಬೇಕಾಗಬಹುದು, ತಡಮಾಡಬೇಡಿ.

ನಿದ್ದೆಯಲ್ಲಿ ಹಲ್ಲು ಕಡಿಯುವವರು ರಾತ್ರಿ ಹಲ್ಲಿಗೆ ತೊಡುವ ನೈಟ್ ಗಾರ್ಡ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಎತ್ತರ ಸರಿಪಡಿಸುವ ಮರುಭೇಟಿ ಶುಲ್ಕದಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.