ಬಳ್ಳಾರಿ ಬಿಸಿಲಿಗೆ ಕಂಟೇನರ್ ಮನೆ: ಡಬ್ಬಿ ಗಟ್ಟಿ, ನೆರಳೇ ಇಲ್ಲ

ಹಡಗಿನ ಹಳೇ ಕಂಟೇನರ್ ತಂದು, ಬಾಗಿಲು ಕಿಟಕಿ ಕತ್ತರಿಸಿ, ಒಳಗೆ ಬೋರ್ಡ್ ಬಡಿದು ‘ಮನೆ’ ಎಂದು ಮಾರುವ ಫ್ಯಾಬ್ರಿಕೇಷನ್ ಕೆಲಸದ ವಿಮರ್ಶೆ ಇದು. ವೆಲ್ಡಿಂಗ್ ಬಲ್ಲವರಿಗೆ ಬಳ್ಳಾರಿ, ತೋರಣಗಲ್ಲು ಕಡೆ ಬರವಿಲ್ಲ. ಎಡವುವುದು ಬೇರೆ ಕಡೆ.

ಎತ್ತರದಿಂದ ಶುರು ಮಾಡೋಣ. ಮಾಮೂಲಿ ಕಂಟೇನರ್ ಹೊರಗೆ 8.5 ಅಡಿ, ಒಳಗೆ 7 ಅಡಿ 10 ಇಂಚು. ಮೇಲೆ 2 ಇಂಚು ಇನ್ಸುಲೇಷನ್, ಕೆಳಗೆ ಬೋರ್ಡು, ಟೈಲ್ಸು ಕೂತರೆ ಫ್ಯಾನ್ ಹಾಕಲು ಹೆದರಿಕೆ. 9.5 ಅಡಿಯ ಹೈ ಕ್ಯೂಬ್ ಅನ್ನೇ ಕೇಳಿ. ಅಗಲ ಮಾತ್ರ ಎರಡಕ್ಕೂ ಒಂದೇ: ಒಳಗೆ 7 ಅಡಿ 8 ಇಂಚು. ಸಂಸಾರಕ್ಕೆ 40 ಅಡಿ ಉದ್ದದ ಎರಡನ್ನು ಜೋಡಿಸದೆ ಗತಿಯಿಲ್ಲ.

ಜೋಡಿಸುವಾಗಲೇ ಕೆಲಸ ಕೆಡುವುದು. ಆ ಮಡಿಕೆ ತಗಡಿನ ಗೋಡೆ ಬರೀ ಮುಚ್ಚಳವಲ್ಲ, ಭಾರ ಹೊರುವ ಭಾಗ. ನಡುವಿನ ಗೋಡೆ ಪೂರ್ತಿ ಕತ್ತರಿಸಿದರೆ ಚಾವಣಿ, ತಳದ ತೊಲೆ ಎರಡೂ ಜೋಲುತ್ತವೆ. ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಕತ್ತರಿಸುವ ಮೊದಲೇ ಸ್ಕ್ವೇರ್ ಪೈಪಿನ ಚೌಕಟ್ಟು ವೆಲ್ಡ್ ಆಗಬೇಕು, ಅಗಲದ ತೆರಪಿದ್ದರೆ ನಡುವೆ ಕಂಬ ಬೇಕು. ಕತ್ತರಿಸಿದ ಅಂಚಿಗೆ ಅದೇ ದಿನ ಪ್ರೈಮರ್ ಬಳಿಯಬೇಕು. ಎರಡು ಚಾವಣಿಗಳ ಸಂದಿಗೆ ಸಿಲಿಕಾನ್ ತುಂಬಿ ಕೈತೊಳೆದುಕೊಳ್ಳುವವರೇ ಹೆಚ್ಚು. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿ ಅದು ಬಿಟ್ಟುಕೊಂಡು ಸೋರುತ್ತದೆ. ಅಲ್ಲಿ ತಗಡಿನ ಟೋಪಿಯೇ ಬೇಕು.

ಸೆಖೆಯ ವಿಷಯದಲ್ಲಿ ಈ ಮನೆಗಳು ಸಾಮಾನ್ಯವಾಗಿ ಫೇಲ್. ಗೋಡೆಯ ಉಕ್ಕು 2 ಮಿಲಿಮೀಟರ್‌ಗಿಂತ ದಪ್ಪವಿರುವುದಿಲ್ಲ. ಕೊಪ್ಪಳ, ರಾಯಚೂರು ಸೀಮೆಯ ಮಣ್ಣಿನ ಮಾಳಿಗೆ ಮನೆಯ ದಪ್ಪ ಗೋಡೆ ಹಗಲಿನ ಕಾವನ್ನು ತಡೆದು ನಿಲ್ಲಿಸುತ್ತದೆ. ಈ ತಗಡು ಬಿಸಿಲು ಬಿದ್ದ ಕೂಡಲೇ ಒಳಗೆ ಕಳಿಸುತ್ತದೆ. ಫಾಲ್ಸ್ ಸೀಲಿಂಗ್‌ಗೆ, ಬಣ್ಣದ ದೀಪಕ್ಕೆ ಸುರಿಯುವ ದುಡ್ಡನ್ನು ಮೇಲ್ಚಾವಣಿಗೆ ಹಾಕಿ. ಡಬ್ಬಿಯ ಮೇಲೆ ಒಂದಡಿ ಗಾಳಿ ಆಡುವಂತೆ ಜಿಐ ಶೀಟಿನ ಎರಡನೇ ಚಾವಣಿ, ದಕ್ಷಿಣಕ್ಕೂ ಪಶ್ಚಿಮಕ್ಕೂ 3 ಅಡಿ ಚಾಚು, ಒಳಗೆ ಕಾವು ತಡೆಯಲು 50 ಮಿಲಿಮೀಟರ್ ಪಫ್ (ಗಟ್ಟಿ ಫೋಮ್) ಅಥವಾ ರಾಕ್‌ವೂಲ್ (ಕಲ್ಲಿನ ಉಣ್ಣೆ). ಉದ್ದದ ಬದಿ ಉತ್ತರ–ದಕ್ಷಿಣಕ್ಕೆ ಮುಖ ಮಾಡಲಿ, ಎದುರುಬದುರು ಕಿಟಕಿ ಇರಲಿ.

ನೆಲದ 28 ಮಿಲಿಮೀಟರ್ ಪ್ಲೈವುಡ್‌ಗೆ ಹುಳುನಾಶಕ ಹೊಡೆದಿರುತ್ತಾರೆ. ಬಾಗಿಲ ಮೇಲೆ ಬಡಿದಿರುವ ಸಿಎಸ್‌ಸಿ (ಕಂಟೇನರ್ ಸುರಕ್ಷತೆಯ) ಫಲಕದಲ್ಲಿ ಮರಕ್ಕೆ ಹಾಕಿದ ಔಷಧಿಯ ಹೆಸರಿರುತ್ತದೆ, ಓದಿಸಿ. ಮಕ್ಕಳು ನೆಲದಲ್ಲೇ ಆಡುವ ಮನೆಯಾದರೆ ಆ ಹಲಗೆ ಕಿತ್ತು ಸಿಮೆಂಟ್ ಬೋರ್ಡ್ ಹಾಕಿಸುವುದು ಲೇಸು.

‘ಪಾಯ ಬೇಡ, ನಾಲ್ಕು ಕಲ್ಲು ಸಾಕು’ ಎಂಬ ಮಾತು ಮಸಾರಿ (ಕೆಂಪು ಮಣ್ಣಿನ) ನೆಲದಲ್ಲೂ ಅರ್ಧ ಸತ್ಯ. ಯರೆ (ಕಪ್ಪು ಮಣ್ಣಿನ) ಭೂಮಿಯಲ್ಲಂತೂ ಸುಳ್ಳು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಒಂದು ಮೂಲೆ ಎತ್ತಿದರೂ ಇಡೀ ಡಬ್ಬಿ ತಿರುಚಿಕೊಂಡು ಕಿಟಕಿ ಗಾಜು ಸೀಳುತ್ತದೆ. ಗಟ್ಟಿ ಗರಸು ಸಿಗುವ ತನಕ ಅಗೆದು ಕಾಂಕ್ರೀಟ್ ಕಂಬ ಎಬ್ಬಿಸಿ, ನೆಲದಿಂದ ಒಂದೂವರೆ ಅಡಿ ಮೇಲೆ ಕೂರಿಸಿ. 40 ಅಡಿಯದ್ದು ಖಾಲಿಯೇ 4 ಟನ್ ಹತ್ತಿರ ತೂಗುತ್ತದೆ. ಕ್ರೇನ್ ಬರುವಷ್ಟು ದಾರಿ ಇದೆಯೇ ಮೊದಲೇ ಅಳೆಯಿರಿ.

ಕರೆಂಟಿನ ಮಟ್ಟಿಗೆ ರಾಜಿ ಬೇಡ: ಮನೆಯೇ ಕಬ್ಬಿಣ. ಚೌಕಟ್ಟಿಗೆ ಅರ್ಥಿಂಗ್, ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚು, ತಗಡು ದಾಟುವಲ್ಲೆಲ್ಲ ವೈರಿಗೆ ಪೈಪು. ಕೊಟೇಷನ್‌ನಲ್ಲಿ ಈ ಮೂರೂ, ಎರಡನೇ ಚಾವಣಿಯೂ ಬರೆದಿಲ್ಲದಿದ್ದರೆ ಅಡ್ವಾನ್ಸ್ ಕೊಡಬೇಡಿ.