ಮಣ್ಣಿನ ಹುಂಡಿ, ಬೀಗದ ಡಬ್ಬಿ, ನಾಲ್ಕು ಬಾಟಲಿ: ನಮ್ಮ ಮನೆಯ ಚಿಲ್ಲರೆಗೆ ಒಗ್ಗಿದ್ದು ಯಾವುದು

ಒಂದು ಕಾಲದಲ್ಲಿ ಉಪ್ಪಿನಕಾಯಿ ತುಂಬಿಟ್ಟಿದ್ದ, ಈಗ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಕುಳಿತಿರುವ ಬಾಯಗಲದ ನಾಲ್ಕು ಬಾಟಲಿಗಳೇ ಚಿಲ್ಲರೆ ಕೂಡಿಡಲು ನಮಗೆ ಸರಿಯಾದ ಸಾಧನ ಎಂದು ನಾನು ತೀರ್ಮಾನಿಸಿದ್ದೇನೆ. ಅದಕ್ಕೂ ಮೊದಲು ಮಣ್ಣಿನ ಹುಂಡಿಯಲ್ಲಿ ಒಂಬತ್ತು ತಿಂಗಳು, ಬೀಗವಿರುವ ತಗಡಿನ ಡಬ್ಬಿಯಲ್ಲಿ ನಾಲ್ಕು ತಿಂಗಳು ನಾಣ್ಯ ಹಾಕಿ ನೋಡಿದ್ದೇನೆ. ಹಾಕುವುದು ಎಲ್ಲದರಲ್ಲೂ ಒಂದೇ. ಕೂಡಿಟ್ಟದ್ದನ್ನು ಹೊರತೆಗೆದು ಬಳಸುವ ದಿನ ಬಂದಾಗಲೇ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ತಿಳಿದದ್ದು.

ನಾನು ತುಮಕೂರಿನಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ರವಿಕೆ ಹೊಲಿಸಿದವರು ಈಗ ಹೆಚ್ಚಾಗಿ ಫೋನಿನಲ್ಲೇ ಹಣ ಹಾಕುತ್ತಾರೆ. ಆದರೆ ಹುಕ್ಕು ಹಾಕಿಸಿಕೊಳ್ಳಲು, ಬಿಚ್ಚಿದ ಹೊಲಿಗೆ ಸರಿಪಡಿಸಿಕೊಳ್ಳಲು, ಚೀಲದ ಜಿಪ್ಪು ಬದಲಿಸಿಕೊಳ್ಳಲು ಬರುವವರು ಹತ್ತು ಇಪ್ಪತ್ತು ರೂಪಾಯಿಯನ್ನು ಕೈಗೇ ಕೊಟ್ಟು ಹೋಗುತ್ತಾರೆ. ಅದರ ಜೊತೆಗೆ ನಮ್ಮ ಯಜಮಾನರು ಬಸ್ಸಿನಿಂದ ಇಳಿದು ತರುವ ಚಿಲ್ಲರೆಯೂ ಸೇರಿ, ದಿನಕ್ಕೆ ಹತ್ತು ಹದಿನೈದು ರೂಪಾಯಿಯಷ್ಟು ನಾಣ್ಯ ಮನೆಯಲ್ಲಿ ಉಳಿಯುತ್ತದೆ. ಅತ್ತೆಯವರು ಧರ್ಮಸ್ಥಳಕ್ಕೆಂದು ಅರಿಸಿನದ ಬಟ್ಟೆಯಲ್ಲಿ ಕಟ್ಟಿಡುವ ಮುಡಿಪು ಈ ಲೆಕ್ಕಕ್ಕೆ ಸೇರಿಲ್ಲ. ಮುಡಿಪಿನ ಹಣವನ್ನು ನಮ್ಮ ಮನೆಯಲ್ಲಿ ಯಾರೂ ಯಾವ ಕಾರಣಕ್ಕೂ ಮುಟ್ಟುವುದಿಲ್ಲ.

ಮಣ್ಣಿನ ಹುಂಡಿಯನ್ನು ತಂದದ್ದು ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯ ಜಾತ್ರೆಯಿಂದ. ಹೈಸ್ಕೂಲಿನಲ್ಲಿ ಓದುವ ಮಗಳು ಡಿಸೆಂಬರಿನಲ್ಲಿ ಶಾಲೆಯವರ ಜೊತೆ ಹಂಪಿ, ಬಾದಾಮಿಯ ಪ್ರವಾಸಕ್ಕೆ ಹೋಗಬೇಕೆಂದಿದ್ದಳು, ಅದರ ಹಣ ಈ ಹುಂಡಿಯಿಂದಲೇ ಬರಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಹುಂಡಿಯ ದೊಡ್ಡ ಗುಣವೆಂದರೆ ಒಡೆಯದೆ ತೆಗೆಯಲಾಗದು ಎಂಬುದು. ಗ್ಯಾಸು ತೀರಿದ ದಿನವೂ, ಮೀಟರಿಗೆ ಒಪ್ಪದ ಆಟೋದವರಿಗೆ ಹತ್ತು ರೂಪಾಯಿ ಕಡಿಮೆ ಬಿದ್ದ ದಿನವೂ ಅದರತ್ತ ಕೈ ಹೋಗಲಿಲ್ಲ. ಈ ಒಂದು ವಿಷಯದಲ್ಲಿ ಬಾಟಲಿ ಅದಕ್ಕೆ ಸಾಟಿಯಲ್ಲ.

ತೊಂದರೆ ಶುರುವಾದದ್ದು ಒಡೆದ ಮೇಲೆ. ಚಾಪೆಯ ಮೇಲೆ ಸುರಿದಾಗ ಹೆಚ್ಚುಕಡಿಮೆ ಆರು ಕಿಲೋ ನಾಣ್ಯವಿತ್ತು. ಮಗಳು ಹತ್ತು ಮತ್ತು ಐದು ರೂಪಾಯಿಯವನ್ನು ಆರಿಸಿದಳು, ನಾನು ಒಂದು ರೂಪಾಯಿಯವನ್ನು, ಕಣ್ಣಿಗೆ ಪೊರೆ ಬಂದಿರುವ ಅತ್ತೆಯವರು ಎರಡು ರೂಪಾಯಿಯವನ್ನು ಬೆರಳಿನಿಂದ ಸವರಿ ಆರಿಸಿದರು. ಲೆಕ್ಕ 3,542 ರೂಪಾಯಿಗೆ ಬಂತು. ಮರುದಿನ ನಮ್ಮ ಉಳಿತಾಯ ಖಾತೆ ಇರುವ ಬ್ಯಾಂಕಿಗೆ ಅಷ್ಟನ್ನೂ ಹೊತ್ತುಕೊಂಡು ಹೋದರೆ, ನೂರು ನೂರರಂತೆ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತರುವಂತೆ ಹೇಳಿ ಹಿಂದಕ್ಕೆ ಕಳಿಸಿದರು. ಆಗ ಬೇಸರವಾದರೂ, ನೂರು ನಾಣ್ಯದ ಕವರು ಕ್ಯಾಷಿಯರಿಗೂ ಗ್ರಾಹಕರಿಗೂ ಅನುಕೂಲವೆಂದು ರಿಸರ್ವ್ ಬ್ಯಾಂಕೇ ತನ್ನ ಸುತ್ತೋಲೆಯಲ್ಲಿ ಹೇಳಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ನಾಣ್ಯವನ್ನು ಬ್ಯಾಂಕುಗಳು ಸ್ವೀಕರಿಸಲೇಬೇಕೆಂದೂ ಅದೇ ಸುತ್ತೋಲೆ ಹೇಳುತ್ತದೆ.

ಎರಡನೆಯ ಸಲ ಕವರು ಕಟ್ಟಿಕೊಂಡು ಹೋದಾಗ ಅವರು ಎರಡು ರೂಪಾಯಿಯ ಒಂದು ಕವರನ್ನು ಬಿಚ್ಚಿ ಎಣಿಸಿದರು, ಅದರಲ್ಲಿ ಹನ್ನೊಂದು ನಾಣ್ಯಗಳು ಒಂದು ರೂಪಾಯಿಯವಾಗಿದ್ದವು. ಎಲ್ಲವನ್ನೂ ಮತ್ತೆ ನೋಡಿ ತನ್ನಿ ಎಂದರು. ತಪ್ಪು ನಮ್ಮದೇ ಆಗಿತ್ತು, ಆದರೆ ಅದು ಅಜಾಗರೂಕತೆಯ ತಪ್ಪಲ್ಲವೆಂದು ಇಂದಿಗೂ ಹೇಳುತ್ತೇನೆ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2011ರಲ್ಲಿ ಸರಣಿ ಬದಲಾದಾಗ ಒಂದು ರೂಪಾಯಿ 22 ಮಿಲಿಮೀಟರಿಗೆ ಇಳಿಯಿತು, ಹಳೆಯ ಒಂದು ರೂಪಾಯಿಯ ಅಗಲ ಮತ್ತು ತೂಕ ಹಾಗೆಯೇ ಹೊಸ ಎರಡು ರೂಪಾಯಿಗೆ ಹೋಯಿತು. ಬೆರಳಿಗೆ ಇವೆರಡೂ ಒಂದೇ, ತಕ್ಕಡಿಗೂ ಒಂದೇ. ಹೀಗಿರುವಾಗ ಕಣ್ಣು ಮಂಜಾದ ಹಿರಿಯರು ಸವರಿ ಆರಿಸಿದರೆ ತಪ್ಪದೆ ಇರುವುದು ಹೇಗೆ? ಅತ್ತೆಯವರು ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದರು, ಅದು ನನಗೆ ಬ್ಯಾಂಕಿನ ಓಡಾಟಕ್ಕಿಂತ ಹೆಚ್ಚು ನೋವಾಯಿತು.

ತೂಗಿ ಎಣಿಸೋಣವೆಂದು ಎದುರುಮನೆಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದದ್ದೂ ಪ್ರಯೋಜನವಾಗಲಿಲ್ಲ. ಒಂದು ರೂಪಾಯಿಯಲ್ಲೇ 4.85 ಗ್ರಾಮಿನ ಹಳೆಯದು, 3.79 ಗ್ರಾಮಿನದು, 2019ರ ನಂತರದ ಸರಣಿಯ 3.09 ಗ್ರಾಮಿನದು ಎಂದು ಮೂರು ಬಗೆ ಒಂದೇ ರಾಶಿಯಲ್ಲಿದ್ದವು. ಕೊನೆಗೆ ದೀಪದ ಬೆಳಕಿನಲ್ಲಿ ಒಂದೊಂದನ್ನೇ ತಿರುಗಿಸಿ ನೋಡಿದೆವು. ಆಗ ಕಂಡುಕೊಂಡ ಉಪಾಯವನ್ನು ಇಲ್ಲಿ ಬರೆದಿಡುತ್ತೇನೆ: ರೂಪಾಯಿಯ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡದ್ದು 2010ರ ಜುಲೈಯಲ್ಲಿ, ಆದ್ದರಿಂದ 25 ಮಿಲಿಮೀಟರ್ ಅಗಲದ ದುಂಡನೆಯ ಬಿಳಿ ನಾಣ್ಯದ ಮೇಲೆ ಚಿಹ್ನೆ ಇದ್ದರೆ ಅದು ಎರಡು ರೂಪಾಯಿ, ತೆನೆಯೋ ಎತ್ತಿದ ಹೆಬ್ಬೆರಳೋ ಇದ್ದು ಚಿಹ್ನೆ ಇಲ್ಲದಿದ್ದರೆ ಒಂದು ರೂಪಾಯಿ. ಹೀಗೆ ನೋಡಿದಾಗ ಎರಡು ರೂಪಾಯಿಯ ರಾಶಿಯಲ್ಲಿ 38 ಒಂದು ರೂಪಾಯಿಗಳು ಸಿಕ್ಕವು, ಒಟ್ಟು ಮೊತ್ತ 3,504ಕ್ಕೆ ಇಳಿಯಿತು. ಮೂರನೆಯ ಸಲ ಬ್ಯಾಂಕಿನವರು ತೆಗೆದುಕೊಂಡರು. ಅಷ್ಟರಲ್ಲಿ ಶಾಲೆಗೆ ಹಣ ಕಟ್ಟುವ ಕೊನೆಯ ದಿನ ಬಂದುಹೋಗಿತ್ತು. ತಿಂಗಳ ದಿನಸಿಗೆಂದು ತೆಗೆದಿಟ್ಟದ್ದನ್ನೇ ಕೊಟ್ಟು ಮಗಳನ್ನು ಕಳಿಸಿದೆ.

ತಗಡಿನ ಡಬ್ಬಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಬೀಗದ ಕೈ ಒಂದು ಕಡೆ, ಡಬ್ಬಿ ಒಂದು ಕಡೆ ಆಗುತ್ತಿತ್ತು, ಎಲ್ಲ ನಾಣ್ಯವೂ ಬೆರೆತೇ ಇರುತ್ತಿದ್ದುದರಿಂದ ಹುಂಡಿಯ ತೊಡಕು ಹಾಗೆಯೇ ಉಳಿಯಿತು. ಅದರಲ್ಲಿ ಅತ್ತೆಯವರ ಹಳೆಯ ಗಂಟಿನಿಂದ ಬಂದ ನಾಲ್ಕಾಣೆಗಳೂ ಇದ್ದವು. 25 ಪೈಸೆ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, 50 ಪೈಸೆ ಈಗಲೂ ಚಲಾವಣೆಯಲ್ಲಿದೆ.

ಬಾಟಲಿಗಳಿಗೆ ನಾನು ಖರ್ಚು ಮಾಡಿದ್ದು ಏನೂ ಇಲ್ಲ. ಒಂದಕ್ಕೆ ಒಂದು ರೂಪಾಯಿ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಐದು, ಕೊನೆಯದಕ್ಕೆ ಹತ್ತು ಮತ್ತು ಇಪ್ಪತ್ತು. ನಾಣ್ಯ ಬಂದ ದಿನವೇ ಕಣ್ಣಿಟ್ಟು ನೋಡಿ ಹಾಕುತ್ತೇವೆ, ಹತ್ತು ನಾಣ್ಯ ನೋಡುವುದು ಒಂದು ನಿಮಿಷದ ಕೆಲಸ. ಪಾರದರ್ಶಕವಾಗಿರುವುದರಿಂದ ಎಷ್ಟಾಗಿದೆಯೆಂದು ದೂರದಿಂದಲೇ ತಿಳಿಯುತ್ತದೆ. ಕೈ ಹಾಕಿ ತೆಗೆಯುವ ಆಸೆಯೇ ಇದರ ದೋಷ. ಅದಕ್ಕೆ ಒಂದು ಮತ್ತು ಎರಡು ರೂಪಾಯಿಯ ಬಾಟಲಿಯಿಂದ ಮಾತ್ರ ತೆಗೆಯಬಹುದು, ತೆಗೆದರೆ ಹೊಲಿಗೆಯ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯಬೇಕು ಎಂದು ಕಟ್ಟು ಮಾಡಿಕೊಂಡಿದ್ದೇವೆ. ಬರೆಯುವ ಅಭ್ಯಾಸವಿಲ್ಲದ ಮನೆಗೆ ಬಾಟಲಿ ಹೊಂದಲಾರದು.

ಹೊರತೆಗೆದ ಚಿಲ್ಲರೆಯನ್ನು ಏನು ಮಾಡಬೇಕೆಂಬುದರಲ್ಲೂ ಬ್ಯಾಂಕಿಗಿಂತ ಬೀದಿಯ ಕೊನೆಯ ದಿನಸಿ ಅಂಗಡಿಯೇ ನಮಗೆ ಅನುಕೂಲವಾಯಿತು. ವಾರಕ್ಕೊಮ್ಮೆ ಐವತ್ತು ನೂರು ರೂಪಾಯಿಯ ಚಿಲ್ಲರೆ ಕೊಟ್ಟರೆ ಅಂಗಡಿಯವರು ಸಂತೋಷದಿಂದ ನೋಟು ಕೊಡುತ್ತಾರೆ, ಐದು ರೂಪಾಯಿಯ ನಾಣ್ಯವನ್ನಂತೂ ಕೇಳಿ ಪಡೆಯುತ್ತಾರೆ. ಹತ್ತು ರೂಪಾಯಿಯ ನಾಣ್ಯ ಮಾತ್ರ ಗಿರಾಕಿಗಳು ಮುಟ್ಟುವುದಿಲ್ಲವೆಂದು ಬೇಡವೆನ್ನುತ್ತಾರೆ. ಹದಿನಾಲ್ಕು ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆಯೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಿಸಿದ್ದರೂ ಈ ಅನುಮಾನ ಹೋಗದಿರುವುದು ನನಗೆ ನಿಜವಾಗಿಯೂ ವ್ಯಥೆ ತರುತ್ತದೆ, ಏಕೆಂದರೆ ಅದನ್ನು ಕೂಲಿಯಾಗಿ ಪಡೆದವರು ಅದನ್ನು ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುವುದನ್ನು ಕಂಡಿದ್ದೇನೆ. ನಮ್ಮವು ಅಂಚೆ ಕಚೇರಿಗೆ ಹೋಗುತ್ತವೆ.

ಅಲ್ಲಿ ತಿಂಗಳಿಗೆ 300 ರೂಪಾಯಿಯ ಆರ್.ಡಿ., ಅಂದರೆ ಪ್ರತಿ ತಿಂಗಳೂ ಕಂತು ಕಟ್ಟುವ ಠೇವಣಿ ಖಾತೆ, ತೆರೆದಿದ್ದೇನೆ. ತಿಂಗಳಿಗೆ ಕನಿಷ್ಠ 100 ರೂಪಾಯಿ, ಅದರ ಮೇಲೆ ಹತ್ತರ ಗುಣಕದಲ್ಲಿ ಎಷ್ಟಾದರೂ ಕಟ್ಟಬಹುದು. ಅವಧಿ ಐದು ವರ್ಷ. ನಾನು ತೆರೆದಾಗ ಇದ್ದ 6.7 ಶೇಕಡಾ ಬಡ್ಡಿಯಲ್ಲಿ, ಕಟ್ಟುವ 18,000 ರೂಪಾಯಿ ಕೊನೆಗೆ ಸುಮಾರು 21,400 ಆಗುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡವಿದೆ, ಹಾಗಾಗಿ ನನ್ನ ಕೈಗೆ ಸುಲಭವಾಗಿ ಎಟುಕುವ ಮೊತ್ತವನ್ನೇ ಆರಿಸಿಕೊಂಡೆ. ಚಿಲ್ಲರೆ ಮುನ್ನೂರಕ್ಕಿಂತ ಹೆಚ್ಚು ಸೇರಿದ ತಿಂಗಳಲ್ಲಿ ಮಿಕ್ಕದ್ದು ದಾರ, ಸೂಜಿ, ಲೈನಿಂಗ್ ಬಟ್ಟೆಗೆ ಹೋಗುತ್ತದೆ.

ಮುಟ್ಟದೆ ಇರಲಾರೆವೆಂಬ ಭಯವಿರುವವರು ಹುಂಡಿಯನ್ನೇ ಕೊಳ್ಳಲಿ, ಆದರೆ ಒಂದು ಹುಂಡಿಗೆ ಒಂದೇ ಬಗೆಯ ನಾಣ್ಯ ಹಾಕಲಿ. ಮಗಳು ಈ ವರ್ಷದ ಜಾತ್ರೆಯಿಂದ ಸಣ್ಣದೊಂದನ್ನು ತನಗೆಂದು ತಂದುಕೊಂಡಿದ್ದಾಳೆ, ಅದಕ್ಕೆ ಐದು ರೂಪಾಯಿ ಮಾತ್ರ ಬೀಳುತ್ತದೆ. ಅದರ ಹಳದಿ ಬಣ್ಣ ಅತ್ತೆಯವರ ಕಣ್ಣಿಗೂ ಕಾಣುತ್ತದೆ, ಹಾಗಾಗಿ ಬಂದ ನಾಣ್ಯವನ್ನು ಅವರೇ ಆರಿಸಿ ಅವಳ ಕೈಗೆ ಕೊಡುತ್ತಾರೆ.