ಟೊಫಿನೊದಲ್ಲಿ "ಯಾರಿಗೂ ಗೊತ್ತಿಲ್ಲದ ಬೀಚ್ ತೋರಿಸ್ತೀನಿ" ಅನ್ನುವವನಿಗೆ ದುಡ್ಡು ಕಳಿಸಬೇಡಿ

ವ್ಯಾಂಕೂವರ್, ಸರ್ರೆ, ಸಿಯಾಟಲ್ ಕಡೆಯಿಂದ ಕೆನಡಾದ ವ್ಯಾಂಕೂವರ್ ದ್ವೀಪದ ಕಡಲೂರು ಟೊಫಿನೊಗೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. ಯಾರಿಗೂ ಗೊತ್ತಿಲ್ಲದ ಐದು ಬೀಚು, ಸರ್ಫಿಂಗ್ ಪಾಠ, ವೆಟ್‌ಸೂಟು (ತಣ್ಣೀರಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು), ಬೋರ್ಡು, ಗೈಡು, ಎಲ್ಲ ಸೇರಿ ಒಂದೇ ರೇಟು ಅಂತ. ಫೋಟೋದಲ್ಲಿ ಮಂಜು, ಮರ, ಖಾಲಿ ಮರಳು. ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ನಾವು ನಾಲ್ಕು ಜನಕ್ಕೆ 960 ಡಾಲರ್ ಕೊಟ್ಟೆವು. ಅದರ ಮೇಲೆ 400 ಡಾಲರ್ ಡೆಪಾಸಿಟ್. ಆ ಡೆಪಾಸಿಟ್ ಇವತ್ತಿಗೂ ಅವನ ಹತ್ತಿರವೇ ಇದೆ.

ಹೆಸರು ಹಾಕುತ್ತಿಲ್ಲ. ಹಾಕಿದರೂ ಪ್ರಯೋಜನವಿಲ್ಲ, ನಾನು ದುಡ್ಡು ವಾಪಸ್ ಕೇಳಲು ಶುರು ಮಾಡಿದ ಮೇಲೆ ಪೇಜಿನ ಹೆಸರನ್ನೇ ಬದಲಾಯಿಸಿದ್ದಾನೆ. ಫೋಟೋಗಳು ಮಾತ್ರ ಅವೇ.

ಅಕ್ಟೋಬರ್‌ನ ಥ್ಯಾಂಕ್ಸ್‌ಗಿವಿಂಗ್ ರಜೆ. ನಾನು, ಹೆಂಡತಿ, ಇಲ್ಲೇ ಓದುತ್ತಿರುವ ಅವಳ ತಮ್ಮ, ಮತ್ತೆ ಊರಿಂದ ಬಂದಿದ್ದ ಮಾವ. ಮಾವ ಮಲ್ಪೆಯವರು. ಅವರು ನೀರಿಗೆ ಇಳಿಯುವುದಿಲ್ಲ, ಸುಮ್ನೆ ನೋಡಲು ಬರುತ್ತಾರೆ ಅಂತ ಮೊದಲೇ ಹೇಳಿದ್ದೆ. ಆದರೂ ಅವರಿಗೂ ಪೂರ್ತಿ ರೇಟು, ಅವರು ಹಾಕಿಕೊಳ್ಳದ ವೆಟ್‌ಸೂಟಿಗೂ ಡೆಪಾಸಿಟ್. ಕೇಳಿದ್ದಕ್ಕೆ "ಗಾಡಿಯಲ್ಲಿ ಸೀಟು ಹಿಡೀತಾರಲ್ಲ" ಅಂದ.

ಹಾರ್ಸ್‌ಶೂ ಬೇಯಿಂದ ಫೆರ್ರಿಯಲ್ಲಿ ನನೈಮೊ, ಅಲ್ಲಿಂದ ಹೈವೇ 4ರ ತಿರುವುಗಳಲ್ಲಿ ಮೂರು ಗಂಟೆ. ಹೋದವರಿಗೆ ಗೊತ್ತು, ಪೋರ್ಟ್ ಆಲ್ಬರ್ನಿ ದಾಟಿದ ಮೇಲೆ ದಾರಿ ಸುಲಭದ್ದಲ್ಲ. ಅಷ್ಟು ದೂರ ಹೋದ ಮೇಲೆ ಯಾರೂ ಸಿಟ್ಟು ಮಾಡಿಕೊಂಡು ತಿರುಗಿ ಬರುವುದಿಲ್ಲ. ಅವನ ವ್ಯಾಪಾರ ನಿಂತಿರುವುದೇ ಈ ಧೈರ್ಯದ ಮೇಲೆ.

ಸಾಮಾನ್ಯವಾಗಿ ಹೇಗೆ ಅಂತ ನಿಮಗೆಲ್ಲ ಗೊತ್ತು. ಸರ್ಫ್ ಅಂಗಡಿಗೆ ಹೋಗುತ್ತೇವೆ, ಕಾಗದಕ್ಕೆ ಸಹಿ ಹಾಕುತ್ತೇವೆ, ಅವರು ಅಳತೆ ನೋಡಿ ಸೂಟು ಕೊಡುತ್ತಾರೆ, ದಡದಲ್ಲಿ ನಿಲ್ಲಿಸಿ ಸೆಳೆತ ಎಲ್ಲಿದೆ ಅಂತ ತೋರಿಸುತ್ತಾರೆ, ಆಮೇಲೆ ನೀರು. ಇವನು ಪೆಟ್ರೋಲ್ ಬಂಕಿನ ಹತ್ತಿರ ಬರಲು ಹೇಳಿದ. ಅಂಗಡಿ ಇಲ್ಲ, ಹೆಸರಿನ ಬೋರ್ಡಿಲ್ಲ, ಸಹಿಯಿಲ್ಲ. ವ್ಯಾನಿನ ಹಿಂದೆ ಒದ್ದೆ ಸೂಟುಗಳ ರಾಶಿ. "ನಿಮ್ಮ ಸೈಜು ಹುಡುಕ್ಕೊಳ್ಳಿ" ಅಂದ.

ಮೊದಲ "ಗುಟ್ಟಿನ" ಬೀಚು. ಮರಗಳ ನಡುವೆ ಒಂದು ಕಾಲುದಾರಿಯಲ್ಲಿ ಕರೆದುಕೊಂಡು ಹೋದ. "ಫೋಟೋ ಹಾಕಿ, ಆದ್ರೆ ಜಾಗ ಹೇಳಬೇಡಿ, ಇಲ್ಲಿನವರಿಗೆ ಬೇಜಾರಾಗುತ್ತೆ" ಅಂತ ಪಿಸುಗುಟ್ಟಿದ. ನಿಜವಾಗಿ ಪಿಸುಗುಟ್ಟಿದ! ನಾವೂ ದನಿ ತಗ್ಗಿಸಿಕೊಂಡೇ ನಡೆದೆವು. ಮರಗಳು ಮುಗಿದವು. ಎದುರಿಗೆ ಜಾತ್ರೆ. ನಾಯಿ ಹಿಡಿದವರು, ಮಕ್ಕಳ ಗಾಡಿ ತಳ್ಳುವವರು, ಒಂದೇ ಬಣ್ಣದ ಜರ್ಸಿ ಹಾಕಿದ ಸರ್ಫ್ ಶಾಲೆಯವರ ಸಾಲು. ಅದು ಚೆಸ್ಟರ್‌ಮನ್ ಬೀಚು! ಟೊಫಿನೊ ಅಂತ ಹುಡುಕಿದರೆ ಮೊದಲು ಬರುವ ಹೆಸರುಗಳಲ್ಲಿ ಒಂದು. ಒಂದು ಬದಿಗೆ ಎಲ್ಲರಿಗೂ ತೆರೆದಿರುವ ಪಾರ್ಕಿಂಗ್ ಜಾಗವೂ ಇದೆ. ಅಲ್ಲಿ ನಿಲ್ಲಿಸಿದ್ದರೆ ನೇರ ಮರಳಿಗೇ ಇಳಿಯಬಹುದಿತ್ತು. ನಮ್ಮನ್ನು ಬೇಕಂತಲೇ ಕಾಡು ಸುತ್ತಿಸಿದ್ದ.

ಮಾವ ಸ್ವಲ್ಪ ಹೊತ್ತು ನೋಡಿ, "ಇದಕ್ಕೆ ದುಡ್ಡು ಕೊಟ್ಟದ್ದಾ ಮಾರಾಯ್ರೆ?" ಅಂದರು. ನಾನು ಏನೂ ಹೇಳಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ಅದೊಂದು ಬೇರೆ ಕಥೆ.

ಇಲ್ಲಿ ಒಂದು ಮಾತು. ಬ್ರಿಟಿಷ್ ಕೊಲಂಬಿಯಾದಲ್ಲಿ ಉಬ್ಬರದ ಗೆರೆಯಿಂದ ಕೆಳಗಿನ ದಡ ಹೆಚ್ಚುಕಮ್ಮಿ ಎಲ್ಲ ಕಡೆಯೂ ಸರ್ಕಾರದ್ದು, ಸಾರ್ವಜನಿಕರದ್ದು. ಮುಂದೆ ಎಷ್ಟು ದೊಡ್ಡ ರೆಸಾರ್ಟ್ ಇದ್ದರೂ ಅಷ್ಟೇ. ಕಾಕ್ಸ್ ಬೇ, ಮೆಕೆಂಜಿ, ಚೆಸ್ಟರ್‌ಮನ್, ಯಾವುದಕ್ಕೂ ಮರಳು ತುಳಿಯಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಅದೇ ಬೀಚಿನಿಂದ ಫ್ರ್ಯಾಂಕ್ ಐಲ್ಯಾಂಡ್ ಅನ್ನೋ ಪುಟ್ಟ ದ್ವೀಪ ಕಾಣುತ್ತದೆ. ನೀರು ಇಳಿದಾಗ ಮರಳಿನ ಮೇಲೆ ನಡೆದು ಹತ್ತಿರ ಹೋಗಬಹುದು, ಏರಿದಾಗ ದಾರಿ ಮುಚ್ಚುತ್ತದೆ. ಇವನು "ಹೋಗಿ ಬನ್ನಿ, ಎರಡನೇ ಬೀಚು ಅದೇ" ಅಂದು ವ್ಯಾನಿಗೆ ಹೋಗಿ ಕೂತ. ಹೌದು, ಎರಡನೇ ಬೀಚು ಅಂತ ಲೆಕ್ಕ ಹಾಕಿದ್ದು ಅದನ್ನೇ! ಉಬ್ಬರದ ಸಮಯ ಎಷ್ಟು ಅಂತ ಹೇಳಲಿಲ್ಲ. ನಾವು ಅರ್ಧ ದಾರಿಯಲ್ಲಿದ್ದಾಗ ಮಾವ ನಿಂತುಬಿಟ್ಟರು. "ನೀರು ಏರ್ತಾ ಉಂಟು. ಎರಡೂ ಬದಿಯಿಂದ ಬರ್ತದೆ ಇದು. ತಿರುಗಿ." ವಾಪಸ್ ಬರುವಾಗ ನನಗೆ ಮೊಣಕಾಲವರೆಗೆ ನೀರು. ಮಲ್ಪೆಯಲ್ಲಿ ಬೆಳೆದವರು ಜೊತೆಗಿದ್ದದ್ದಕ್ಕೆ ಸರಿಹೋಯ್ತು. ಸೀಟು ಹಿಡೀತಾರೆ ಅಂತ ದುಡ್ಡು ಕಿತ್ತುಕೊಂಡಿದ್ದನಲ್ಲ, ಗೈಡ್ ಕೆಲಸ ಮಾಡಿದ್ದು ಅವರೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಾಠ ಇದ್ದದ್ದು ಲಾಂಗ್ ಬೀಚಿನಲ್ಲಿ. ಸುಮಾರು 16 ಕಿ.ಮೀ. ಮರಳು, ಪೆಸಿಫಿಕ್ ರಿಮ್ ರಾಷ್ಟ್ರೀಯ ಉದ್ಯಾನದ ಒಳಗೆ. ಒಳಗೆ ಹೋಗಲು ಪಾರ್ಕ್ ಪಾಸ್ ಬೇಕು. ಎಲ್ಲ ಸೇರಿ ಅಂದಿದ್ದ ಅಲ್ವಾ? "ಪಾಸ್ ನಿಮ್ಮದು, ಅದನ್ನ ಯಾರೂ ಸೇರಿಸಲ್ಲ" ಅಂದ. ಸರಿ, ಕೊಂಡೆವು. ಇನ್ಸಿನರೇಟರ್ ರಾಕ್ ಹತ್ತಿರ ಗಾಡಿ ನಿಲ್ಲಿಸಿ, ಸೂಟು ಹಂಚುತ್ತಾ, ತಲೆ ಎತ್ತದೇ ಹೇಳಿದ:

"ಪಾರ್ಕಿನವರು ಯಾರಾದ್ರೂ ಕೇಳಿದ್ರೆ ನಾವೆಲ್ಲ ಫ್ರೆಂಡ್ಸ್ ಅನ್ನಿ. ದುಡ್ಡಿನ ಮಾತು ಬೇಡ."

ನನಗೆ ತಲೆಗೆ ಹೋಗಲು ಒಂದು ಕ್ಷಣ ಬೇಕಾಯಿತು. ರಾಷ್ಟ್ರೀಯ ಉದ್ಯಾನದ ಒಳಗೆ ದುಡ್ಡು ತೆಗೆದುಕೊಂಡು ಏನೇ ಕಲಿಸಬೇಕಾದರೂ ಪಾರ್ಕ್ಸ್ ಕೆನಡಾದ ಲೈಸೆನ್ಸ್ ಬೇಕು. ಇವನ ಹತ್ತಿರ ಇಲ್ಲ. ಇವನು ಗೈಡೇ ಅಲ್ಲ. ವ್ಯಾನ್ ಇರುವ ಒಬ್ಬ ಮನುಷ್ಯ, ಅಷ್ಟೇ. ಅವನ ಪರವಾಗಿ ಸುಳ್ಳು ಹೇಳುವ ಕೆಲಸವನ್ನೂ ನಮಗೇ ಹಚ್ಚುತ್ತಿದ್ದಾನೆ, ಅದೂ ನಮ್ಮ ಮಾವನ ಎದುರಿಗೆ, ಸ್ಟೂಡೆಂಟ್ ವೀಸಾದಲ್ಲಿರುವ ಹುಡುಗನಿಗೆ. ನಾಳೆ ಏನಾದರೂ ಆದರೆ ಇವನ ತಲೆಗೆ ಏನೂ ಬರುವುದಿಲ್ಲ, ಯಾಕೆಂದರೆ ನಾವು "ಫ್ರೆಂಡ್ಸ್". ಇನ್ಶೂರೆನ್ಸ್ ಇದೆಯಾ ಅಂತ ಕೇಳಿದೆ. "ರಿಲ್ಯಾಕ್ಸ್, ಬ್ರದರ್" ಅಂದ. ಈ ರಿಲ್ಯಾಕ್ಸ್ ಬ್ರದರ್ ಇದೆಯಲ್ಲ, ಈಗಲೂ ರಾತ್ರಿ ನೆನಪಾದರೆ ಮೈ ಉರಿಯುತ್ತದೆ.

ಅಷ್ಟರಲ್ಲಿ ಹೆಂಡತಿಯ ತಮ್ಮ ಸೂಟು ಹಾಕಿಕೊಂಡು ನೀರಿಗೆ ಇಳಿದಾಗಿತ್ತು. ಆ ನೀರು ಹತ್ತು ಡಿಗ್ರಿಯ ಆಸುಪಾಸಿನದು. ಬೇಸಿಗೆಯಲ್ಲೂ ಬೆಚ್ಚಗಾಗುವುದಿಲ್ಲ. ಅಲ್ಲಿನವರು ಹಾಕುವುದು 5/4 ಸೂಟು, ಅಂದರೆ ಎದೆ ಬೆನ್ನಿಗೆ 5 ಮಿ.ಮೀ., ಕೈಕಾಲಿಗೆ 4 ಮಿ.ಮೀ. ದಪ್ಪ. ಜೊತೆಗೆ ಬೂಟು, ಕೈಗವಸು, ತಲೆ ಮುಚ್ಚುವ ಹುಡ್. ಸೂಟು ಮೈಗೆ ಬಿಗಿಯಾಗಿ ಕೂರಬೇಕು. ಕಾಪಾಡುವುದು ಸೂಟಿನ ದಪ್ಪ ರಬ್ಬರು, ಬಿಗಿಯಾಗಿದ್ದರೆ ಒಳಗೆ ಹೋದ ಸ್ವಲ್ಪ ನೀರೂ ಮೈಬಿಸಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ. ಸಡಿಲವಾಗಿದ್ದರೆ ಪ್ರತಿ ಅಲೆಗೂ ಹೊಸ ತಣ್ಣೀರು ಒಳಗೆ ನುಗ್ಗುತ್ತದೆ. ಹುಡುಗನಿಗೆ ಕೊಟ್ಟಿದ್ದು ಸಡಿಲವಾದ 3/2. ಹುಡ್ ಇಲ್ಲ. ಬೂಟಿನ ಅಡಿ ಕಿತ್ತು ಬಾಯಿ ಬಿಟ್ಟಿತ್ತು. ಸ್ವಲ್ಪ ಹೊತ್ತಿಗೇ ತುಟಿ ನೀಲಿಯಾಗಿ, ಹಲ್ಲು ಕಟಕಟ ಅನ್ನುತ್ತಾ ಹೊರಗೆ ಬಂದ. ಸೂಟಿನ ಜಿಪ್ ಎಳೆಯಲು ಬೆರಳು ಬಗ್ಗುತ್ತಿರಲಿಲ್ಲ, ಅವನ ಅಕ್ಕ ಎಳೆದಳು. ನಮ್ಮ "ಗೈಡ್" ದಡದಲ್ಲಿ ಫೋನ್ ನೋಡುತ್ತಾ ನಿಂತಿದ್ದ. "ಮೊದಲ ಸಲ ಎಲ್ಲರಿಗೂ ಹಾಗೇ" ಅಂದ.

ಇದು ಆಟದ ಕಡಲಲ್ಲ. 1905ರಲ್ಲಿ ಇದೇ ದಂಡೆಯಲ್ಲಿ, ಯುಕ್ಲೂಲೆಟ್ ಹತ್ತಿರ, ಪಾಸ್ ಆಫ್ ಮೆಲ್‌ಫರ್ಟ್ ಅನ್ನೋ ಹಡಗು ಬಂಡೆಗೆ ಬಡಿದು ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಆಮೇಲೆಯೇ ಅಲ್ಲಿ ಆಂಫಿಟ್ರೈಟ್ ದೀಪಸ್ತಂಭ ಬಂದಿದ್ದು. ಬೀಚಿಗೆ ಇಳಿಯುವ ದಾರಿಗಳಲ್ಲಿ ಕೋಸ್ಟ್‌ಸ್ಮಾರ್ಟ್ ಅಂತ ಎಚ್ಚರಿಕೆಯ ಬೋರ್ಡುಗಳಿವೆ, ಸೆಳೆತ, ದೊಡ್ಡ ಅಲೆ, ತೇಲಿ ಬರುವ ಮರದ ದಿಮ್ಮಿ, ಎಲ್ಲ ಬರೆದಿದ್ದಾರೆ. ಇವನು ಅದರ ಮುಂದೆಯೇ ನಮ್ಮನ್ನು ದಾಟಿಸಿಕೊಂಡು ಹೋದ. ಒಂದು ಮಾತೂ ಆಡಲಿಲ್ಲ.

ಮಿಕ್ಕ ಬೀಚುಗಳು? "ಮಳೆ ಬರೋ ಹಾಗಿದೆ, ಇವತ್ತು ಸಾಕು." ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುವ ಊರಿನಲ್ಲಿ ಮಳೆಯ ನೆಪ! ಮಲ್ಪೆಯವರ ಮುಂದೆ!

ಮನೆಗೆ ಬಂದ ಮೇಲೆ ಶುರುವಾಯಿತು ಮೆಸೇಜು. ಅವನ ಉತ್ತರಗಳನ್ನು ಓದಿ, ನಿಮಗೂ ರಕ್ತ ಬಿಸಿಯಾಗಲಿ.

ಡೆಪಾಸಿಟ್ ಯಾವಾಗ ಬರುತ್ತೆ ಅಂದೆ. "ಸೂಟು ಒಣಗಿದ ಮೇಲೆ ನೋಡಬೇಕು." ಒಂದು ವಾರ ಮಾತಿಲ್ಲ. ಮತ್ತೆ ಕೇಳಿದೆ. ಹರಿದ ಸೂಟಿನ ಫೋಟೋ ಬಂತು, "ಇದು ನಿಮ್ಮವರು ಹರಿದಿದ್ದು." ನಾವು ಹಾಕಿದ್ದು ಎಲ್ಲವೂ ಪೂರ್ತಿ ಕಪ್ಪು. ಫೋಟೋದಲ್ಲಿದ್ದ ಸೂಟಿನ ತೋಳಿಗೆ ನೀಲಿ ಪಟ್ಟಿ! ನಮ್ಮ ಫೋಟೋ ಕಳಿಸಿ ಬಣ್ಣ ನೋಡಪ್ಪಾ ಅಂದೆ. "ಬೆಳಕಿನಲ್ಲಿ ಹಾಗೆ ಕಾಣುತ್ತೆ" ಅಂದ. ಬೆಳಕಿನಲ್ಲಿ ಪಟ್ಟಿ ಕಾಣೆಯಾಗುತ್ತದಾ?

ಐದು ಬೀಚು ಎಲ್ಲಿ ಅಂದೆ. "ಲಾಂಗ್ ಬೀಚ್ ಎಷ್ಟು ಉದ್ದ ಅಂದ್ರೆ ಅದೇ ಮೂರು ಬೀಚಿಗೆ ಸಮ." ಇದನ್ನು ನಾನು ಹುಟ್ಟಿಸಿ ಬರೆಯುತ್ತಿಲ್ಲ, ಹೀಗೇ ಬರೆದಿದ್ದಾನೆ.

ಹಾಕಿಕೊಳ್ಳದ ಸೂಟಿನ ಡೆಪಾಸಿಟ್ ಆದರೂ ಕೊಡು, ಮಾವ ನೀರೇ ಮುಟ್ಟಿಲ್ಲ ಅಂದೆ. "ಪ್ಯಾಕೇಜ್ ಒಡೆಯೋಕೆ ಬರಲ್ಲ."

ಲೈಸೆನ್ಸ್ ಇದೆಯಾ ಅಂತ ಕೇಳಿದೆ. ಎರಡು ದಿನ ಉತ್ತರವಿಲ್ಲ. ಆಮೇಲೆ ದನಿ ಬದಲಾಯಿತು: "ಐದು ಸ್ಟಾರ್ ಕೊಟ್ಟು ಒಳ್ಳೆ ಮಾತು ಬರೀರಿ, ಅರ್ಧ ಡೆಪಾಸಿಟ್ ಕಳಿಸ್ತೀನಿ." ಆ ಪೇಜಿನಲ್ಲಿರುವ ಹೊಗಳಿಕೆ ಎಲ್ಲಿಂದ ಬರುತ್ತದೆ ಅಂತ ಆಗ ಅರ್ಥವಾಯಿತು. ನಾನು ಬರೆಯುವುದಿಲ್ಲ ಅಂದೆ. "ನಿಮ್ಮಂಥವರು ಚೌಕಾಸಿ ಮಾಡೋಕೇ ಬರ್ತೀರಿ" ಅಂದ. ನಮ್ಮಂಥವರು ಅಂದರೆ ಯಾರು ಅಂತ ಕೇಳಿದೆ. ಬ್ಲಾಕ್ ಮಾಡಿದ.

ದುಡ್ಡು ಹೋಗಿದ್ದು ಇ-ಟ್ರಾನ್ಸ್‌ಫರ್‌ನಲ್ಲಿ. ಅವನು ಅದನ್ನೇ ಕೇಳಿದ್ದು, ಕಾರ್ಡ್ ಮೆಷಿನ್ ಕೆಟ್ಟಿದೆ ಅಂತ. ಅದು ಒಮ್ಮೆ ಅವರ ಖಾತೆಗೆ ಬಿದ್ದರೆ ಬ್ಯಾಂಕಿನವರು ವಾಪಸ್ ಎಳೆಯುವುದಿಲ್ಲ, ಕೇಳಿ ನೋಡಿದೆ. ಕ್ರೆಡಿಟ್ ಕಾರ್ಡಾಗಿದ್ದರೆ ತಕರಾರು ಹಾಕಬಹುದಿತ್ತು. ಕಾರ್ಡ್ ತೆಗೆದುಕೊಳ್ಳದವನಿಗೆ ಕೊಡಬೇಡಿ. ಊರಿನಲ್ಲಿ ಬಾಗಿಲು, ಬೋರ್ಡು, ಸಹಿ ಹಾಕಿಸುವ ಕಾಗದ ಇರುವ ಸರ್ಫ್ ಅಂಗಡಿಗಳು ಬೇಕಾದಷ್ಟಿವೆ, ಅಲ್ಲಿಗೆ ಹೋಗಿ. ಸೂಟಿನ ಮೇಲೆ ನಂಬರ್ ಓದಿ, 5/4 ಇಲ್ಲ ಅಂದರೆ ನೀರಿಗೆ ಇಳಿಯಬೇಡಿ. ಪಾರ್ಕಿನ ಒಳಗೆ ಪಾಠ ಅಂದರೆ ಲೈಸೆನ್ಸ್ ತೋರಿಸು ಅನ್ನಿ. ಸುಮ್ನೆ ಬೀಚ್ ನೋಡುವುದಕ್ಕಾದರೆ ಯಾವ ಗೈಡೂ ಬೇಡ. ಮಾರನೇ ದಿನ ನಾವೇ ವಿಕನಿನಿಶ್, ಫ್ಲೋರೆನ್ಸಿಯಾ ಬೇ, ಯುಕ್ಲೂಲೆಟ್‌ನ ವೈಲ್ಡ್ ಪೆಸಿಫಿಕ್ ಟ್ರೇಲ್ ಎಲ್ಲ ಸುತ್ತಿದೆವು. ಟ್ರೇಲಿಗೆ ಪಾಸೂ ಬೇಕಿಲ್ಲ. ಅಲ್ಲಿ ಬಂಡೆಗೆ ಅಲೆ ಬಡಿದು ಏಳುವುದನ್ನು ನೋಡುತ್ತಾ ಮಾವ ಅರ್ಧ ಗಂಟೆ ಕದಲಲಿಲ್ಲ. ಇಡೀ ಪ್ರವಾಸದಲ್ಲಿ ಅವರಿಗೆ ಹಿಡಿಸಿದ್ದು ಅದೊಂದೇ, ಅದಕ್ಕೆ ನಾವು ಕೊಟ್ಟಿದ್ದು ಸೊನ್ನೆ ಡಾಲರ್.

ನಮ್ಮವರೇ ಇನ್ನೂ ಒಂದು ಕುಟುಂಬ ಡಿಸೆಂಬರ್‌ಗೆ ಅವನ ಹತ್ತಿರ ಬುಕ್ ಮಾಡಿದೆ ಅಂತ ಕೇಳಿದೆ. ಡಿಸೆಂಬರ್ ಅಂದರೆ ಅಲ್ಲಿ ಬಿರುಗಾಳಿಯ ಕಾಲ. ಅವರು ಇದನ್ನು ಓದಿದರೆ ದಯವಿಟ್ಟು ನನಗೆ ಫೋನ್ ಮಾಡಿ, ಮೆಸೇಜುಗಳನ್ನೆಲ್ಲ ತೋರಿಸುತ್ತೇನೆ.

ಟ್ರಾನ್ಸ್‌ಫರ್ ರಸೀದಿ, ನೀಲಿ ಪಟ್ಟಿಯ ಫೋಟೋ, ಅವನ ಮಾತು, ಎಲ್ಲವನ್ನೂ ಪಾರ್ಕಿನವರಿಗೆ ಕಳಿಸಿದ್ದೇನೆ. ಅವರು ಕೇಳಿದ್ದು ವ್ಯಾನಿನ ನಂಬರ್. ಹೆಂಡತಿಯ ತಮ್ಮ ನಡುಗುತ್ತಾ ನಿಂತಿದ್ದಾಗ ತೆಗೆದ ಫೋಟೋದ ಹಿಂದೆ ಅದು ಸ್ಪಷ್ಟವಾಗಿ ಬಿದ್ದಿದೆ. ಅದನ್ನೂ ಕಳಿಸಿದ್ದೇನೆ.